ಸುತ್ತೋಲೆ ಹದಿನಾಲ್ಕು, ವಾಪಸ್

ಪಾರಕ್ಕುನ್ನು, ಕಲ್ಲಿಕೋಟೆ ಜಿಲ್ಲೆ
ಸೆಪ್ಟೆಂಬರ್ 9

...ಅದನ್ನೇ ಹೇಳ್ತಿದ್ದೆ ಸಾರ್, ಅಷ್ಟರಲ್ಲಿ ನಮ್ಮ ಫಾರ್ಮಸಿಸ್ಟರ ಒಕ್ಕೂಟದ ಗ್ರೂಪ್‌ಗೆ ಬೀಗ ಬಿತ್ತು. ‘ಇನ್ನು ಮುಂದೆ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕಬಹುದು’ ಅಂತ ಬಂತಲ್ಲ, ಆಗ ನನ್ನ ವಾಕ್ಯ ಅರ್ಧ ಟೈಪಾಗಿ ನಿಂತಿತ್ತು. ಆ ಅರ್ಧ ವಾಕ್ಯ ಇಟ್ಕೊಂಡು ಒಂದು ದಿನ ಸುಮ್ನಿದ್ದೆ. ಆಮೇಲೆ ನೆನಪಾಯ್ತು, ನಮ್ಮ ಒಕ್ಕೂಟದ ‘ಗುಳಿಗೆ’ ಪತ್ರಿಕೆಯ ಕೊನೇ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಮೇಲ್ ವಿಳಾಸ ಇರುತ್ತೆ ಅಂತ. ಅದಕ್ಕೇ ಬರೀತಿದ್ದೀನಿ. ಇದು ಶೂಲಪಾಣಿ ವಾರಿಯರ್ ಸಾರ್‌ಗೇ ಸಿಗುತ್ತೆ ತಾನೇ? ಬೇರೆ ಯಾರಾದ್ರೂ ಓದ್ತಿದ್ರೆ ದಯವಿಟ್ಟು ಸಾರ್ ಕೈಗೆ ಕೊಡಿ.

ನಾನು ಸಫ್ವಾನ, ಕುನ್ನತ್ ಮೆಡಿಕಲ್ಸ್‌ನ ಫಾರ್ಮಸಿಸ್ಟ್. ವಯಸ್ಸು ಇಪ್ಪತ್ನಾಲ್ಕು, ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳು. ಸಾರ್, ನಾನು ನಿಮ್ಮ ದೊಡ್ಡ ಫ್ಯಾನ್, ಉತ್ಪ್ರೇಕ್ಷೆ ಅಲ್ಲ. ಕಾಲೇಜಲ್ಲಿ ನಾವು ಐದು ಹುಡುಗೀರು ಒಂದು ಗ್ರೂಪ್ ಮಾಡಿದ್ವಿ, ಅದರಲ್ಲಿ ‘ಗುಳಿಗೆ’ಯ ನಿಮ್ಮ ಅಂಕಣದ ಫೋಟೋ ಬಿಟ್ರೆ ಬೇರೆ ಏನೂ ಹಾಕೋ ಹಾಗಿರ್ಲಿಲ್ಲ. ‘ಮಾತ್ರೆ ಕೊಡೋಕೆ ಎರಡು ನಿಮಿಷ ಸಾಕು. ಮನುಷ್ಯನ ಮಾತು ಕೇಳೋಕೆ ಒಂದು ಸ್ಟೂಲ್ ಬೇಕು.’ ಇದನ್ನ ನೀವು ಬರೆದಾಗ ನಾನು ಎರಡನೇ ವರ್ಷದಲ್ಲಿದ್ದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಒಂದು ನೀಲಿ ಸ್ಟೂಲ್ ತಂದು ಕೌಂಟರ್ ಮುಂದೆ ಇಟ್ಟೆ. ನನ್ನನ್ನ ಮಗಳ ಹಾಗೆ ‘ಮೋಳೆ’ ಅಂತ ಕರೆಯೋ ಅಂಗಡಿ ಯಜಮಾನರು ಹಾಜ್ಯಾರ್ ಬೈದ್ರು. “ಇದೇನು ಮೋಳೆ, ಮೆಡಿಕಲ್ ಶಾಪೋ ಚಾಯ್ ಅಂಗಡಿಯೋ? ಕೂತವರಿಗೆ ಬಾಳೆಹಣ್ಣಿನ ಪಳಂಪೊರಿನೂ ಕರಿದು ಕೊಡ್ತೀಯಾ?” ಅಂದ್ರು. ಆಮೇಲೆ ದಿನಾ ಸಂಜೆ ಅವರೇ ಬಂದು ಕೂರ್ತಿದ್ರು.

ಈಗ ನಾನು ಆ ಅಂಗಡಿಯ ಮಹಡಿ ಮೇಲಿನ ರೂಮಲ್ಲಿದ್ದೀನಿ. ಇಪ್ಪತ್ತೊಂದು ದಿನ ಯಾರನ್ನೂ ಮುಟ್ಟೋ ಹಾಗಿಲ್ಲ, ಕೆಳಗಿಳಿಯೋ ಹಾಗಿಲ್ಲ. ನಮ್ಮೂರಲ್ಲಿ ಬಾವಲಿ ಜ್ವರ ಬಂದ ಮೊದಲನೇ ಮನುಷ್ಯ ಆಸ್ಪತ್ರೆಗೆ ಹೋಗೋಕೆ ಮುಂಚೆ ಬಂದಿದ್ದು ನನ್ನ ಅಂಗಡಿಗೆ. ನಿಮಗೆ ಗೊತ್ತಿರುತ್ತೆ, ಪೇಪರಲ್ಲಿ ಬಂದಿದೆ. ನನಗೆ ಜ್ವರ ಇಲ್ಲ, ಪರೀಕ್ಷೆ ನೆಗೆಟಿವ್. ಚೆನ್ನಾಗಿದ್ದೀನಿ. ವಾರ್ಡಿನ ಸ್ವಯಂಸೇವಕ ಸಜೀಷ್ ಮೆಟ್ಟಿಲ ಮೇಲೆ ಗಂಜಿ ಇಟ್ಟು ಕೆಳಗಿಂದ ಕೂಗ್ತಾನೆ. “ಬದುಕಿದ್ದೀಯಾ?” “ಇಲ್ಲ, ನಾಳೆ ಬಾ.” ದಿನಕ್ಕೆ ನನ್ನ ಮಾತುಕತೆ ಇಷ್ಟೇ.

ಗ್ರೂಪಲ್ಲಿ ಕೇಳಬೇಕು ಅಂತಿದ್ದಿದ್ದು ಇಷ್ಟು. ಜ್ವರದವರ ಬಗ್ಗೆ ನೀವು ಕಳಿಸಿದ ಸುತ್ತೋಲೆ ಹದಿನಾಲ್ಕರ ಪೋಸ್ಟರಲ್ಲಿ ಹೇಳಿದ ಹಾಗೇ ನಾನು ಮಾಡಿದ್ದೀನಿ ಅಂತ ಒಕ್ಕೂಟದವರು ಒಂದು ಮಾತು ಹೇಳ್ತೀರಾ?

ನಿಮ್ಮ ಉತ್ತರಕ್ಕೆ ಕಾಯ್ತಾ,
ಸಫ್ವಾನ


ರಾಜ್ಯ ಫಾರ್ಮಸಿಸ್ಟರ ಒಕ್ಕೂಟ, ತಿರುವನಂತಪುರ
ಸೆಪ್ಟೆಂಬರ್ 11

ಮಾನ್ಯ ಸದಸ್ಯರೇ,

ನಿಮ್ಮ ಪತ್ರ ತಲುಪಿದೆ. ಈ ಕಷ್ಟದ ಹೊತ್ತಲ್ಲಿ ನಾಡಿನ ಪ್ರತಿಯೊಬ್ಬ ಫಾರ್ಮಸಿಸ್ಟ್ ಕೂಡ ಮುಂಚೂಣಿಯ ಸೈನಿಕ. ನಿಮ್ಮ ಸೇವೆಗೆ ಬೆಲೆ ಕಟ್ಟೋಕಾಗಲ್ಲ. ನೀವು ಕೇಳಿದ ವಿಷಯವನ್ನ ಸಮಿತಿಯ ಗಮನಕ್ಕೆ ತರಲಾಗುವುದು. ಧೈರ್ಯವಾಗಿರಿ, ಸುರಕ್ಷಿತವಾಗಿರಿ.

ಶೂಲಪಾಣಿ ವಾರಿಯರ್
ಪ್ರಚಾರ ವಿಭಾಗ


ಪಾರಕ್ಕುನ್ನು
ಸೆಪ್ಟೆಂಬರ್ 12

ಪ್ರೀತಿಯ ಸಾರ್,

ನೀವು ಉತ್ತರ ಬರೆದ್ರಿ! ನನಗೇ ನಂಬೋಕಾಗ್ಲಿಲ್ಲ. ‘ಧೈರ್ಯವಾಗಿರಿ’ ಅನ್ನೋದನ್ನ ನಾಲ್ಕು ಸಲ ಓದಿದೆ. ಮನೇಲಿರೋ ನನ್ನ ಉಮ್ಮಂಗೂ ಫೋನಲ್ಲಿ ಓದಿ ಹೇಳಿದೆ. “ಯಾರದು, ಮಂತ್ರಿನಾ?” ಅಂದ್ರು. “ಮಂತ್ರಿಗಿಂತ ದೊಡ್ಡವ್ರು ಉಮ್ಮ,” ಅಂದೆ. ಉಮ್ಮಂಗೆ ಮನೆಗೆ ಬಾ ಅನ್ನೋಕೂ ಆಗಲ್ಲ, ಬರಬೇಡ ಅನ್ನೋಕೂ ಆಗಲ್ಲ, ಅದಕ್ಕೆ ಈಗೀಗ ಗಂಜಿ ಕುಡಿದ್ಯಾ ಅಂತ ಮಾತ್ರ ಕೇಳಿ ಫೋನ್ ಇಡ್ತಾರೆ.

ಸಾರ್, ಆ ದಿನ ಏನಾಯ್ತು ಅಂತ ಸಮಿತಿಗೆ ಹೇಳೋಕೆ ಬೇಕಾಗುತ್ತಲ್ಲ, ಬರೀತೀನಿ.

ಕಣಾರೇಟ್ಟ ನಮ್ಮೂರಿಗೆ ಮೀನು ತರೋರು, ಎಲ್ಲರಿಗೂ ಅಣ್ಣನ ಹಾಗೆ ‘ಏಟ್ಟ’. ಹಳೇ ಎಂ80 ಗಾಡಿ, ಹಿಂದೆ ಪೆಟ್ಟಿಗೆ, ಪೋಂ ಪೋಂ ಅಂತ ಹಾರ್ನ್. ಸೆಪ್ಟೆಂಬರ್ ನಾಲ್ಕಕ್ಕೆ ಬೆಳಿಗ್ಗೆ ಹಾರ್ನ್ ಇಲ್ದೇ ಬಂದ್ರು. ಜ್ವರ ಅಂತ ಸರ್ಕಾರಿ ಆಸ್ಪತ್ರೆಗೆ ಹೊರಟವರು ನಮ್ಮ ಗಾಜಿನ ಮೇಲಿನ ಪೋಸ್ಟರ್ ನೋಡಿ ಗಾಡಿ ನಿಲ್ಲಿಸಿದ್ರಂತೆ. ‘ಜ್ವರ ಬಂತಾ? ಹೆದರಬೇಡಿ. ಮೊದಲು ನಿಮ್ಮ ಫಾರ್ಮಸಿಸ್ಟ್ ಹತ್ತಿರ ಬನ್ನಿ.’ “ನಿನ್ನ ಹತ್ರ ಬಾ ಅಂತ ನೀನೇ ಅಂಟಿಸಿದ್ದೀಯಲ್ಲ, ಬಂದಿದ್ದೀನಿ. ಏನು ಮಾಡ್ತೀಯ ಮಾಡು ಡಾಕ್ಟ್ರೇ,” ಅಂದ್ರು. ನನ್ನ ಡಾಕ್ಟ್ರೇ ಅಂದಿದ್ದು ಅವರೊಬ್ರೇ ಸಾರ್, ಅದೂ ಚೇಷ್ಟೆಗೆ.

ಸ್ಟೂಲ್ ಮೇಲೆ ಕೂರಿಸಿದೆ. ಜ್ವರ ನೋಡಿದೆ, ನೂರಾ ಮೂರು. ಸುತ್ತೋಲೆಯಲ್ಲಿದ್ದ ಹತ್ತು ಪ್ರಶ್ನೆ ಕೇಳಿ ಬರ್ಕೊಂಡೆ. ಸಹಾಯವಾಣಿಗೆ ಫೋನ್ ಮಾಡಿದೆ, ಬಿಜಿ. ಮತ್ತೆ ಮಾಡಿದೆ, ಬಿಜಿ. ಕೊನೆಗೆ ಸಿಕ್ತು, ಆಂಬುಲೆನ್ಸ್ ಬಂತು. ಅಷ್ಟೇ.

ಈಗ ಜಿಲ್ಲೆಯವರು ಅವರ ರೂಟ್ ಮ್ಯಾಪ್ ಬಿಟ್ಟಿದ್ದಾರೆ, ಅವರು ಎಲ್ಲೆಲ್ಲಿ ಎಷ್ಟು ಹೊತ್ತಿದ್ರು ಅಂತ. ಮಸೀದಿ ಪಕ್ಕದ ಅಂಗಡಿ, ಐದು ನಿಮಿಷ. ಪೆಟ್ರೋಲ್ ಬಂಕ್, ಮೂರು ನಿಮಿಷ. ಕುನ್ನತ್ ಮೆಡಿಕಲ್ಸ್, ಹತ್ತು ನಲವತ್ತರಿಂದ ಹನ್ನೊಂದು ಇಪ್ಪತ್ತೈದು. ನಲವತ್ತೈದು ನಿಮಿಷ! ಊರಿಗೆಲ್ಲ ಇದೇ ಲೆಕ್ಕ. ‘ಆಸ್ಪತ್ರೆಗೆ ಹೋಗೋ ಮನುಷ್ಯನ್ನ ಮುಕ್ಕಾಲು ಗಂಟೆ ಹಿಡ್ಕೊಂಡು ಕೂತ್ಲು’ ಅಂತ ಊರ ಗ್ರೂಪಲ್ಲಿ ಯಾರೋ ವಾಯ್ಸ್ ಹಾಕಿದ್ದಾರೆ. ಅದರಲ್ಲಿ ನಗುನೂ ಕೇಳುತ್ತೆ. ನಿನ್ನೆ ಶಟರ್‌ಗೆ ಕೊಳೆತ ಮೀನು ಎಸೆದ್ರು. ಹಾಜ್ಯಾರ್ ಫೋನ್ ಮಾಡಿ, “ಒಕ್ಕೂಟದವರ ಕೈಲಿ ಒಂದು ಕಾಗದ ಬರೆಸ್ಕೋ ಮೋಳೆ. ಇಲ್ಲಾಂದ್ರೆ ನಿನ್ನ ಮತ್ತೆ ಕೌಂಟರಲ್ಲಿ ನಿಲ್ಲಿಸೋಕೆ ನನ್ನ ಕೈಲಾಗಲ್ಲ,” ಅಂದ್ರು. ಕೋಪದಲ್ಲಿ ಹೇಳ್ಲಿಲ್ಲ, ಅದೇ ನನಗೆ ಹೆದರಿಕೆ.

ಹಾಗಾಗಿ ಸಾರ್, ಮುಂದಿನ ‘ಗುಳಿಗೆ’ಯಲ್ಲಿ ಒಂದೇ ಒಂದು ಸಾಲು. ‘ಆಕೆ ನಮ್ಮ ಸುತ್ತೋಲೆಯ ಪ್ರಕಾರವೇ ನಡ್ಕೊಂಡಿದ್ದಾಳೆ.’ ನೀವು ಬರೆದ್ರೆ ಒಂದು ಸಾಲು ಸಾಕು.

ನಿಮ್ಮ,
ಸಫ್ವಾನ


ತಿರುವನಂತಪುರ
ಸೆಪ್ಟೆಂಬರ್ 16

ಪ್ರಿಯ ಸಫ್ವಾನ,

ನಿನ್ನ ಪತ್ರವನ್ನ ಸಮಿತಿ ಮುಂದೆ ಇಟ್ಟೆ. ಸುತ್ತೋಲೆ ಹದಿನಾಲ್ಕರ ಪ್ರತಿ ಲಗತ್ತಿಸಿದ್ದೀನಿ, ಒಮ್ಮೆ ನೋಡು. ಅದರಲ್ಲಿರೋದು ‘ಜ್ವರ ಬಂತಾ? ಮನೆಯಲ್ಲೇ ಇರಿ. ನಿಮ್ಮ ಫಾರ್ಮಸಿಸ್ಟ್‌ಗೆ ಫೋನ್ ಮಾಡಿ’ ಅಂತ. ತುಂಬಾ ಸುತ್ತೋಲೆಗಳು ಬರೋ ಹೊತ್ತಲ್ಲಿ ಗೊಂದಲ ಆಗೋದು ಸಹಜ. ನಿನ್ನ ಉದ್ದೇಶದ ಬಗ್ಗೆ ಇಲ್ಲಿ ಯಾರಿಗೂ ಅನುಮಾನ ಇಲ್ಲ.

ನಿನ್ನ ಕೆಲಸಕ್ಕೆ ತೊಂದರೆ ಆಗ್ತಿದೆ ಅಂತ ಅರ್ಥವಾಯ್ತು. ಮುಂಚೂಣಿ ಸೇವೆಗೆ ಒಂದು ಪ್ರಶಂಸಾ ಪತ್ರ ಕೊಡೋಕೆ ಸಮಿತಿ ಒಪ್ಪಿದೆ, ಅದನ್ನೂ ಲಗತ್ತಿಸಿದ್ದೀನಿ. ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬಹುದು.

ಸರಿಯಾಗಿ ಊಟ ಮಾಡು.

ಶೂಲಪಾಣಿ ವಾರಿಯರ್


ಪಾರಕ್ಕುನ್ನು
ಸೆಪ್ಟೆಂಬರ್ 17

ಸಾರ್,

ಪ್ರಶಂಸಾ ಪತ್ರ ಸಿಕ್ತು. ಅದರಲ್ಲಿ ನಾನು ‘ಶ್ರೀ ಸಫ್ವಾನ್’. ಇರ್ಲಿ ಬಿಡಿ.

ನೀವು ಕಳಿಸಿದ ಸುತ್ತೋಲೆ ಹದಿನಾಲ್ಕನ್ನ ನಾನು ಯಾವತ್ತೂ ನೋಡಿಲ್ಲ. ಅದೇ ನಂಬರ್, ಆಗಸ್ಟ್ 30 ಅನ್ನೋ ಅದೇ ತಾರೀಕು, ಅದೇ ಹಸಿರು ಅಂಚು. ಮಾತು ಮಾತ್ರ ಬೇರೆ.

ನಮ್ಮ ಕೆಲಸ ನಿಮಗೆ ಮರ್ತುಹೋಗಿರಬಹುದು ಸಾರ್. ಮೆಡಿಕಲ್ ಶಾಪಿಗೆ ಬರೋ ಪ್ರತಿ ಕಾಗದಕ್ಕೂ ಬಂದ ದಿನವೇ ಅಂಗಡಿ ಸೀಲ್, ತಾರೀಕು, ಸಹಿ. ಇನ್ಸ್‌ಪೆಕ್ಟರ್ ಕೇಳಿದ್ರೆ ತೋರಿಸಬೇಕಲ್ಲ. ನಿಮ್ಮ ಪೋಸ್ಟರ್ ಹಿಂದೆನೂ ಇದೆ, ಆಗಸ್ಟ್ 31ರ ಸೀಲ್. ನಾನು ಅದಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದೆ, ಯಾಕಂದ್ರೆ ನಿಮ್ಮ ಮಾತು ಅಂತ. ಸಜೀಷ್ ಗಾಜಿಂದ ಕಿತ್ತು ಎರಡೂ ಕಡೆ ಫೋಟೋ ತೆಗೆದು ಕಳಿಸಿದ. ಇದರ ಜೊತೆ ಹಾಕಿದ್ದೀನಿ. “ಇದನ್ನ ಎಲ್ಲಿಡ್ಲಿ?” ಅಂದ. ಎಕ್ಸ್‌ಪೈರಿ ಡಬ್ಬದಲ್ಲಿಡು ಅಂದೆ. ನಮ್ಮಲ್ಲಿ ದಿನ ಮುಗಿದ ಔಷಧೀನ ಬಿಸಾಡಲ್ಲ. ‘ಮಾರಾಟಕ್ಕಲ್ಲ’ ಅಂತ ಕೆಂಪು ಚೀಟಿ ಹಚ್ಚಿದ ಡಬ್ಬದಲ್ಲಿ, ಕಂಪನಿಯವರು ಬಂದು ತಗೊಂಡು ಹೋಗೋವರೆಗೂ ಇಟ್ಕೋತೀವಿ.

ಜೂನಲ್ಲಿ ಒಂದು ಕೆಮ್ಮಿನ ಸಿರಪ್ ಕೆಟ್ಟಿದೆ ಅಂತ ವಾಪಸ್ ಕರೆಸಿದ್ರಲ್ಲ, ನೆನಪಿದೆಯಾ? ಮಧ್ಯಾಹ್ನದ ಒಳಗೆ ಎಲ್ಲಾ ಅಂಗಡಿಗೂ ಮೆಸೇಜ್. ಬ್ಯಾಚ್ ನಂಬರ್ ಇಷ್ಟು, ಕೆಟ್ಟಿದ್ದು ಹೀಗೆ, ಯಾರಿಗೆ ಕೊಟ್ಟಿದ್ದೀರೋ ಅವರ ಮನೆಗೇ ಹೋಗಿ ತನ್ನಿ. ನಾನು ಏಳು ಮನೆಗೆ ಹೋದೆ. ಕಣಾರೇಟ್ಟ ಅರ್ಧ ಖಾಲಿಯಾದ ಬಾಟ್ಲಿ ತಂದುಕೊಟ್ಟು ನಕ್ಕಿದ್ರು. “ಮೀನು ಕೊಳೆತ್ರೆ ನಾನಂತೂ ಹೀಗೆ ಮನೆಮನೆಗೆ ಹೋಗಿ ವಾಪಸ್ ಕೊಡಿ ಅನ್ನಲ್ಲಪ್ಪ. ನಿಮ್ಮದು ಮರ್ಯಾದಸ್ಥರ ವ್ಯಾಪಾರ,” ಅಂದಿದ್ರು.

ಕಣಾರೇಟ್ಟ ಮೊನ್ನೆ, ಹದಿನೈದಕ್ಕೆ, ಹೋಗಿಬಿಟ್ರು ಸಾರ್.

ಸಿರಪ್ ಕೆಟ್ರೆ ಬ್ಯಾಚ್ ನಂಬರ್ ಹಾಕಿ ವಾಪಸ್ ಕರೆಸ್ತೀರಿ. ಮಾತು ಕೆಟ್ರೆ ರಾತ್ರೋರಾತ್ರಿ ಲೇಬಲ್ ಬದಲಾಯಿಸ್ತೀರಾ? ಬಾಟ್ಲಿ ಮೇಲೆ ನಾನು ಹಾಗೆ ಮಾಡಿದ್ರೆ ನನಗೆ ಜೈಲು.

ಇನ್ನೊಂದಿದೆ. ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಹೋದ ಪತ್ರದಲ್ಲಿ ‘ಅಷ್ಟೇ’ ಅಂತ ಬರೆದೆನಲ್ಲ, ಅಷ್ಟೇ ಅಲ್ಲ.

ಆ ನಲವತ್ತೈದು ನಿಮಿಷದಲ್ಲಿ ಹನ್ನೊಂದು ನಿಮಿಷ ನಾನು ಫೋನ್ ಮಾಡ್ತಿರ್ಲಿಲ್ಲ. ಒಕ್ಕೂಟದ ಗ್ರೂಪಲ್ಲಿ ಟೈಪ್ ಮಾಡ್ತಿದ್ದೆ. ‘ಸುತ್ತೋಲೆ ಹದಿನಾಲ್ಕರ ಪ್ರಕಾರ ನನ್ನ ಮೊದಲನೇ ಜ್ವರದ ರೋಗಿ, ನೂರಾ ಮೂರು, ಪ್ರಶ್ನೆ ಕೇಳಿ ಮುಗೀತು, ಸ್ಟೂಲ್ ಮೇಲೆ ಕೂರಿಸಿದ್ದೀನಿ’ ಅಂತ. ಕಳಿಸಿ, ಕಾಯ್ತಾ ಕೂತೆ. ನೀವು ನೋಡ್ಲಿ ಅಂತ. ಕಣಾರೇಟ್ಟ ತಲೆ ಗಾಜಿಗೆ ಒರಗಿಸಿ, “ಮೋಳೆ, ಸ್ವಲ್ಪ ನೀರು ಕೊಡ್ತೀಯಾ?” ಅಂದ್ರು. “ಒಂದು ನಿಮಿಷ ಏಟ್ಟ,” ಅಂದೆ.

ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಮೆಚ್ಚುಗೆಯ ಒಂದು ಹೆಬ್ಬೆರಳು ಬಂತು. ಒಕ್ಕೂಟದ ಆಫೀಸ್ ನಂಬರಿಂದ. ನನಗೆಷ್ಟು ಖುಷಿಯಾಯ್ತು ಗೊತ್ತಾ ಸಾರ್? ಆಮೇಲೇ ನಾನು ನೀರು ಕೊಟ್ಟಿದ್ದು, ಆಮೇಲೇ ಮತ್ತೆ ಸಹಾಯವಾಣಿಗೆ ಫೋನ್ ಮಾಡಿದ್ದು. ಮೊದಲನೇ ರಿಂಗಿಗೇ ಎತ್ತಿದ್ರು.

ಈಗ ಗ್ರೂಪಲ್ಲಿ ಮೇಲೆ ಹೋಗಿ ಹುಡುಕಿದ್ರೆ ಆ ಜಾಗದಲ್ಲಿ ‘ಈ ಮೆಸೇಜನ್ನ ಅಡ್ಮಿನ್ ಅಳಿಸಿದ್ದಾರೆ’ ಅಂತ ಇದೆ.

ಆ ಆಫೀಸ್ ಫೋನ್ ಯಾರ ಕೈಲಿರುತ್ತೆ ಸಾರ್?

ಸಫ್ವಾನ


ಪಾರಕ್ಕುನ್ನು
ಸೆಪ್ಟೆಂಬರ್ 21

ಸಾರ್, ನಾಲ್ಕು ದಿನ ಆಯ್ತು. ಈ ಹೊತ್ತಿಗೆ ಒಂದು ಅಚ್ಚು ಹಾಕಿದ ಉತ್ತರವಾದ್ರೂ ಬರಬೇಕಿತ್ತು. ‘ನಿಮ್ಮ ಸೇವೆಗೆ ಬೆಲೆ ಕಟ್ಟೋಕಾಗಲ್ಲ’ ಅಂತ ನೀವು ಮೊದಲು ಬರೆದಿದ್ರಲ್ಲ, ಅದೇ ಪತ್ರ ನನ್ನ ಕಾಲೇಜಿನ ಗೆಳತಿ ವಿನಯಗೂ ಬಂದಿದೆಯಂತೆ. ಅವಳು ಕೇಳಿದ್ದು ಸದಸ್ಯತ್ವದ ಕಾರ್ಡ್ ಯಾವಾಗ ಬರುತ್ತೆ ಅಂತ. ‘ಧೈರ್ಯವಾಗಿರಿ’ ಅನ್ನೋದೂ ಹಾಗೇ ಇದೆ.

ಇವತ್ತು ಸಜೀಷ್ “ಬದುಕಿದ್ದೀಯಾ?” ಅಂದಾಗ ಬರೀ “ಹೂಂ” ಅಂದೆ. ಅವನು ತುಂಬಾ ಹೊತ್ತು ಕೆಳಗೇ ನಿಂತಿದ್ದ.

ಸಫ್ವಾನ


ತಿರುವನಂತಪುರ
ಸೆಪ್ಟೆಂಬರ್ 25

ಸಫ್ವಾನ,

ಇದನ್ನ ನನ್ನ ಸ್ವಂತ ಮೇಲಿಂದ ಕಳಿಸ್ತಿದ್ದೀನಿ. ಒಕ್ಕೂಟದಿಂದ ನಿನಗೆ ಇನ್ನು ಬರೀಬಾರದು ಅಂತ ಹದಿನೆಂಟನೇ ತಾರೀಕು ಹೇಳಿದ್ರು. ನಾನು ಸರಿ ಅಂದೆ. ಇಷ್ಟು ವರ್ಷವೂ ಯಾರು ಏನು ಹೇಳಿದ್ರೂ ಸರಿ ಅಂದೇ ಬಂದಿದ್ದೀನಿ.

ಆ ಫೋನ್ ನನ್ನ ಕೈಲಿರುತ್ತೆ. ಪೋಸ್ಟರಿನ ಮಾತು ನನ್ನದು, ಹೆಬ್ಬೆರಳು ನನ್ನದು, ಮೆಸೇಜ್ ಅಳಿಸಿದ್ದೂ ಸುತ್ತೋಲೆಯ ಮಾತು ಬದಲಾಯಿಸಿದ್ದೂ ನಾನೇ.

ಆ ದಿನ ನಿನ್ನ ಮೆಸೇಜ್ ಬಂದ ತಕ್ಷಣ ಓದಿದೆ. ನನಗೂ ಖುಷಿಯಾಯ್ತು. ಮೊದಲು ಅನಿಸಿದ್ದು ಏನು ಗೊತ್ತಾ? ಮುಂದಿನ ಸಂಚಿಕೆಗೆ ಒಳ್ಳೇ ಉದಾಹರಣೆ ಸಿಕ್ತು ಅಂತ. ಸ್ಟೂಲಿನ ಫೋಟೋ ಕೇಳೋಣ ಅಂದ್ಕೊಂಡು, ಆಮೇಲೆ ಕೇಳಿದ್ರಾಯ್ತು ಅಂತ ಹೆಬ್ಬೆರಳು ಒತ್ತಿದೆ. ‘ತಕ್ಷಣ ಆಸ್ಪತ್ರೆಗೆ ಕಳಿಸು’ ಅಂತ ಟೈಪ್ ಮಾಡೋಕೆ ಎಷ್ಟು ಹೊತ್ತು ಬೇಕಿತ್ತು? ನೂರಾ ಮೂರು ಜ್ವರ, ಜಿಲ್ಲೆಯಲ್ಲಿ ಬಾವಲಿ ಜ್ವರದ ಸುದ್ದಿ. ನನ್ನದು ಮೂವತ್ತೊಂದು ವರ್ಷದ ಅನುಭವ, ನಿನ್ನದು ಹದಿನಾಲ್ಕು ತಿಂಗಳು. ಗೊತ್ತಾಗಬೇಕಾಗಿದ್ದು ನನಗೆ.

ಪೋಸ್ಟರಲ್ಲಿ ‘ಬನ್ನಿ’ ಅಂತ ಯಾಕೆ ಹಾಕಿದ್ವಿ ಅಂತಲೂ ಕೇಳು. ಸಮಿತಿಯಲ್ಲಿ ಇಬ್ಬರು ಫೋನ್ ಅಂತಲೇ ಹಾಕೋಣ ಅಂದ್ರು. ನಾನೇ ಬೇಡ ಅಂದೆ. ನಮ್ಮವರನ್ನ ಜನ ಅಂಗಡಿಯೋರು ಅಂತ ನೋಡ್ತಾರೆ, ಈ ಸಲವಾದ್ರೂ ಮೊದಲು ನಮ್ಮ ಹತ್ತಿರ ಬರ್ಲಿ, ನಾವೂ ಆರೋಗ್ಯದವರೇ ಅಂತ ಗೊತ್ತಾಗ್ಲಿ ಅಂದೆ. ನನ್ನ ಮಾತಿಗೆ ಚಪ್ಪಾಳೆ ಬಿತ್ತು. ಜ್ವರ ಬಂದವರ ಬಗ್ಗೆ ಆ ಸಭೆಯಲ್ಲಿ ನಾವು ಮಾತಾಡ್ಲೇ ಇಲ್ಲ.

ನೀನು ನನ್ನ ಫ್ಯಾನ್ ಅಂದೆ. ಇದನ್ನೂ ತಿಳ್ಕೋ. ನನ್ನ ಹತ್ತಿರ ಯಾವತ್ತೂ ಸ್ಟೂಲ್ ಇರ್ಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡೋ ಕಿಂಡಿ ಹಿಂದೆ ಇಪ್ಪತ್ತೆರಡು ವರ್ಷ ಕೂತಿದ್ದೆ, ಆಮೇಲೆ ಒಕ್ಕೂಟದ ಕೆಲಸಕ್ಕೆ ಬಂದೆ. ಆ ಕಿಂಡಿಯಲ್ಲಿ ಕೈ ಮಾತ್ರ ಕಾಣ್ತಿತ್ತು. ಚೀಟಿ ಹಿಡಿದ ಕೈ, ಬಳೆ ಕೈ, ಸುಣ್ಣ ಹತ್ತಿದ ಕೈ. ಮುಖ ನೋಡಬೇಕು ಅಂದ್ರೆ ಬಗ್ಗಬೇಕಿತ್ತು, ನಾನು ಬಗ್ಗಲಿಲ್ಲ. ಸ್ಟೂಲ್ ಬರೀ ಆಸೆ. ನಾನು ಬರೆದೆ, ನೀನು ಹೋಗಿ ಕೊಂಡ್ಕೊಂಡುಬಿಟ್ಟೆ.

ಈಗ ಇಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡ್ತಾರೆ. ಆಫೀಸಲ್ಲಿ ನಾನೊಬ್ಬನೇ. ಗುಮಾಸ್ತೆ ರಮಣಿ ದಿನಾ ಮೂರು ಗಂಟೆಗೆ ಚಹಾ ಇಡೋಳು, ಆ ಹೊತ್ತಾದ್ರೆ ಈಗಲೂ ಬಾಗಿಲ ಕಡೆ ನೋಡ್ತೀನಿ. ನಿನ್ನ ಪತ್ರಗಳನ್ನ ಅಲ್ಲೇ ಕೂತು ಓದೋದು. ಮೊದಲನೇದಕ್ಕೆ ಅಚ್ಚಿನ ಉತ್ತರ ಕಳಿಸಿದ್ದು ಹೆದರಿ. ಪ್ರಶಂಸಾ ಪತ್ರ ಕೊಡ್ಸಿದ್ದು, ನೀನು ಅಷ್ಟಕ್ಕೇ ಸುಮ್ನಾಗ್ತೀಯ ಅಂದ್ಕೊಂಡು. ನಿನ್ನ ತಪ್ಪಾಗಿ ಅಂದಾಜು ಮಾಡಿದೆ.

ನೀನು ಕೇಳಿದ್ದನ್ನ ಬರೆದೆ. ಸಮಿತಿಗೆ ಕೊಟ್ಟೆ, ಒಪ್ಪಲಿಲ್ಲ. ಕೇಸಾದ್ರೆ ಯಾರು ನೋಡ್ಕೋತಾರೆ ಅಂದ್ರು. ನನ್ನ ಹೆಸರಲ್ಲಿ ನಿನಗೆ ಕಳಿಸ್ತಿದ್ದೀನಿ. ಏನು ಮಾಡ್ತೀಯೋ ನಿನಗೆ ಬಿಟ್ಟಿದ್ದು.

‘ವಾಪಸ್ ಸೂಚನೆ. ಸುತ್ತೋಲೆ 14, ಆಗಸ್ಟ್ 30. ಕೆಟ್ಟಿರುವುದು: ‘ಮೊದಲು ನಿಮ್ಮ ಫಾರ್ಮಸಿಸ್ಟ್ ಹತ್ತಿರ ಬನ್ನಿ’ ಅನ್ನೋ ಮಾತು. ಬರೆದವರು: ಶೂಲಪಾಣಿ ವಾರಿಯರ್. ಇದನ್ನ ನಂಬಿ ನಡ್ಕೊಂಡ ಫಾರ್ಮಸಿಸ್ಟ್‌ಗಳದ್ದು ತಪ್ಪಿಲ್ಲ. ಜ್ವರ ಇದ್ದವರು ಎಲ್ಲೂ ನಿಲ್ಲದೇ ಆಸ್ಪತ್ರೆಗೆ ಹೋಗಬೇಕು. ಅಂಗಡಿಯವರು ಈ ಪೋಸ್ಟರ್ ಕಿತ್ತು, ನೋಡಿದವರಿಗೆಲ್ಲ ತಿಳಿಸಬೇಕು.’

ನಿನ್ನ ಇಪ್ಪತ್ತೊಂದು ದಿನ ಇವತ್ತಿಗೆ ಮುಗೀತಲ್ಲ? ನಾನೂ ಎಣಿಸ್ತಿದ್ದೆ.

ಶೂಲಪಾಣಿ


ಪಾರಕ್ಕುನ್ನು
ಸೆಪ್ಟೆಂಬರ್ 27

ಸಾರ್,

ನಿಮ್ಮ ಪತ್ರ ಓದಿ ಒಂದು ದಿನ ಫೋನ್ ಮಗುಚಿಟ್ಟಿದ್ದೆ. ಕೋಪ ಬಂತು. ಹೆಬ್ಬೆರಳು ನಿಮ್ಮದಲ್ಲ, ಯಾರೋ ಗುಮಾಸ್ತರದ್ದು ಅಂತ ಇದ್ದಿದ್ರೆ ಚೆನ್ನಾಗಿರ್ತಿತ್ತು. ನಿಮ್ಮದೇ ಇರಬೇಕು ಅಂತಲೂ ಆಸೆಯಿತ್ತು. ಎರಡೂ ಒಟ್ಟಿಗೆ.

ಇವತ್ತು ಕೆಳಗಿಳಿದೆ. ಸಜೀಷ್ ಸೂಚನೆಯ ಪ್ರಿಂಟ್ ತಂದುಕೊಟ್ಟ. ಹಾಜ್ಯಾರ್ ರಸ್ತೆ ಆಚೆ ನಿಂತು, “ಇದರಲ್ಲಿ ನಿನ್ನ ತಪ್ಪಿಲ್ಲ ಅಂತಿದೆಯಾ?” ಅಂದ್ರು. ಇದೆ ಅಂದೆ. “ಹಾಗಾದ್ರೆ ಅಂಟಿಸು. ಒಂದು ತಿಂಗಳು ನೋಡೋಣ,” ಅಂದ್ರು. ಅಂಟಿಸೋಕೆ ಮುಂಚೆ ಅದರ ಕೆಳಗೆ ನಾನು ಪೆನ್ನಲ್ಲಿ ಬರೆದೆ. ‘ಹನ್ನೊಂದು ನಿಮಿಷ ನಾನು ಫೋನಲ್ಲಿ ಮೆಚ್ಚುಗೆಗೆ ಕಾಯ್ತಿದ್ದೆ. ಅದು ಸುತ್ತೋಲೆಯಲ್ಲಿರ್ಲಿಲ್ಲ. ಸಫ್ವಾನ.’ ಹಿಂದೆ ಸೀಲ್ ಹೊಡೆದು ತಾರೀಕು ಹಾಕಿ, ಹಳೇ ಪೋಸ್ಟರ್ ಇದ್ದ ಜಾಗದಲ್ಲೇ ಅಂಟಿಸಿದೆ. “ನಿನಗೆ ತಲೆ ಕೆಟ್ಟಿದೆಯಾ? ತಪ್ಪಿಲ್ಲ ಅಂತ ಬರೆಸ್ಕೊಂಡು ಬಂದು ನೀನೇ ತಪ್ಪು ಬರೀತೀಯಲ್ಲ!” ಅಂತ ಹಾಜ್ಯಾರ್ ಅಲ್ಲಿಂದಲೇ ಕೂಗಿದ್ರು. ಒಂದು ತಿಂಗಳ ಮಾತನ್ನ ವಾಪಸ್ ತಗೊಂಡ್ರೋ ಇಲ್ವೋ ಗೊತ್ತಿಲ್ಲ, ನಾನೂ ಕೇಳ್ಲಿಲ್ಲ.

ಮಧ್ಯಾಹ್ನದವರೆಗೂ ಯಾರೂ ಬರ್ಲಿಲ್ಲ. ರಸ್ತೆಯಲ್ಲಿ ಹೋಗೋರು ಆಚೆ ಪಕ್ಕಕ್ಕೆ ದಾಟಿ ಹೋಗ್ತಿದ್ರು. ಸ್ಟೂಲ್ ಖಾಲಿ. ಯಾರೂ ಬರದ ಅಂಗಡಿಯಲ್ಲಿ ಫ್ಯಾನ್ ಸದ್ದು ಎಷ್ಟು ಜೋರು ಅಂತ ನನಗೆ ಗೊತ್ತೇ ಇರ್ಲಿಲ್ಲ.

ಎರಡು ಗಂಟೆ ಸುಮಾರಿಗೆ ಕಣಾರೇಟ್ಟನ ಹೆಂಡ್ತಿ ದೇವೂಟಿ ಚೇಚಿ ಬಂದ್ರು. ಗಾಜಿನ ಮುಂದೆ ನಿಂತು ನಿಧಾನವಾಗಿ ಓದಿದ್ರು. ಮೀನು ಎಸೆದವರಿಗಿಂತ ನನಗೆ ಅವರದ್ದೇ ಹೆದರಿಕೆ ಇತ್ತು. ಓದಿ ಮುಗಿಸಿ, “ನೀನು ಹನ್ನೊಂದು ನಿಮಿಷ ಅಂತ ಬರೆದಿದ್ದೀಯ,” ಅಂದ್ರು. “ಹೂಂ ಚೇಚಿ.” “ಅವರಿಗೆ ಭಾನುವಾರದಿಂದಲೇ ಜ್ವರ. ಮಾಮೂಲಿ ಜ್ವರ, ಮೆಣಸಿನ ಕಾಪಿ ಕುಡಿದ್ರೆ ಹೋಗುತ್ತೆ ಅಂತ ಎರಡು ದಿನ ಮನೇಲಿಟ್ಕೊಂಡಿದ್ದು ನಾನು. ಅದನ್ನ ನಾನೆಲ್ಲಿ ಅಂಟಿಸ್ಲಿ?”

ಕೂತ್ಕೊಳ್ಳಿ ಚೇಚಿ ಅಂದೆ. ಕೂರ್ಲಿಲ್ಲ. ಬಿಪಿ ಮಾತ್ರೆ ಒಂದು ಸ್ಟ್ರಿಪ್ ಕೇಳಿದ್ರು. ಕವರ್ ಮೇಲೆ ಬೆಳಿಗ್ಗೆಗೆ ಒಂದು ಗೆರೆ ಎಳೆದು ಕೊಟ್ಟೆ. ಇಸ್ಕೊಂಡು, ಸ್ಟೂಲನ್ನ ಕಾಲಲ್ಲಿ ಸ್ವಲ್ಪ ನೆರಳಿಗೆ ಸರಿಸಿ ಹೋದ್ರು. ಇವತ್ತು ನನ್ನ ಅಂಗಡಿಗೆ ಬಂದಿದ್ದು ಅವರೊಬ್ರೇ.

ನಿಮ್ಮ ಸೂಚನೆ ಈಗ ಇರೋದು ಇಡೀ ರಾಜ್ಯದಲ್ಲಿ ಒಂದೇ ಗಾಜಿನ ಮೇಲೆ ಸಾರ್. ಹಳೇ ಪೋಸ್ಟರ್ ಇನ್ನೂ ಎಷ್ಟು ಅಂಗಡಿಯಲ್ಲಿದೆಯೋ, ಇವತ್ತೂ ಯಾರು ಅದನ್ನ ನೋಡಿ ಗಾಡಿ ನಿಲ್ಲಿಸ್ತಿದ್ದಾರೋ. ಸಮಿತಿ ಒಪ್ಪಲಿಲ್ಲ ಅಂದ್ರಿ, ಸರಿ. ಆದ್ರೆ ಗ್ರೂಪಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕಬಹುದು. ಅಡ್ಮಿನ್ ನೀವು. ಫೋನ್ ನಿಮ್ಮ ಕೈಲಿದೆ, ಆಫೀಸಲ್ಲಿ ನೀವೊಬ್ರೇ ಇದ್ದೀರಿ.

ನಾನು ನನ್ನ ಹನ್ನೊಂದು ನಿಮಿಷಾನ ರಸ್ತೆಗೆ ಕಾಣೋ ಹಾಗೆ ಅಂಟಿಸಿದ್ದೀನಿ. ನಿಮ್ಮ ಹೆಬ್ಬೆರಳನ್ನ ನೀವು ಎಲ್ಲಿ ಅಂಟಿಸ್ತೀರಿ ಸಾರ್?